ಕೂತು ಬರೆದ ಓಟದಲ್ಲಿ ಫೇಲಾದ ನನ್ನ ಮೊಮ್ಮಗಳ ಪರವಾಗಿ

ಸರ್ಕಾರಿ ಶಾಲೆಗಳ ದೈಹಿಕ ಶಿಕ್ಷಣ ನೀತಿ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ, ಅವರದೇ ಮನೆಯ ಮಹಡಿ ಕೋಣೆಯಲ್ಲಿ ವಾಸವಾಗಿರುವ ಅವರ ಹೆಂಡತಿಯ ತಂದೆಯು ಎಲ್ಲರೂ ಓದಲೆಂದು ಬರೆದುಕೊಂಡ ಪತ್ರ.

ಮಾನ್ಯರೇ,

ಇತ್ತ ಮಹಡಿಯ ಮೇಲೆ ನಾನು ಕ್ಷೇಮ. ಅತ್ತ ಕೆಳಗಿನ ಮನೆಯಲ್ಲಿ ತಾವೂ ಕ್ಷೇಮವೆಂದು ಬಲ್ಲೆ. ಈಗಷ್ಟೇ ತಾವು ಕನ್ನಡಕ ಕಾಣದೆ ಮನೆಮಂದಿಯನ್ನೆಲ್ಲ ಕೂಗಿದ್ದು ಕೇಳಿಸಿತು, ಅದು ಬಚ್ಚಲ ಕಿಟಕಿಯ ಮೇಲಿದೆ. ಒಂದೇ ಸೂರಿನಡಿ ಇದ್ದುಕೊಂಡು, ಒಂದೇ ಪಾತ್ರೆಯ ಅನ್ನ ಉಣ್ಣುತ್ತ, ಅಳಿಯಂದಿರಿಗೆ ಹೀಗೆ ಊರಿಗೆಲ್ಲ ಕಾಣುವಂತೆ ಪತ್ರ ಬರೆಯುವುದು ಹಿರಿಯನಾದ ನನಗೆ ಶೋಭೆಯಲ್ಲವೆಂದು ಯಾರಾದರೂ ಮೂಗು ಮುರಿದಾರು. ಅಂಥವರ ಗಮನಕ್ಕೆ ಒಂದು ಮಾತು. ನಾನು ಈ ವಿಷಯವನ್ನು ಮೊದಲು ಊಟದ ಹೊತ್ತಿನಲ್ಲಿ ಎತ್ತಿದೆ. ತಾವು ಬಹಳ ವಿನಯದಿಂದ, "ಮಾವ, ಇದು ಮನೆ, ಆಫೀಸಿನ ವಿಷಯ ಆಫೀಸಿಗೇ ಬಂದು ಹೇಳಿ" ಎಂದಿರಿ. ಒಗೆದ ಅಂಗಿ ತೊಟ್ಟು ಆಫೀಸಿಗೇ ಬಂದೆ. ತಾವು ನಾಲ್ಕು ಜನರೆದುರು ಎದ್ದು ನಿಂತು ಕುರ್ಚಿ ಕೊಟ್ಟು, ಚಹಾ ತರಿಸಿ, "ಮಾವ, ಇಲ್ಲಿ ಬೇಡ, ಮನೇಲಿ ಕೂತು ಮಾತಾಡೋಣ" ಎಂದಿರಿ. ಮನೆಗೂ ಆಫೀಸಿಗೂ ನಡುವೆ ಉಳಿದದ್ದು ಬೀದಿಯೊಂದೇ ಆದ್ದರಿಂದ, ಬೀದಿಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಗಡಿಯ ಬೋರ್ಡು, ಗೋಡೆಯ ಜಾಹೀರಾತು, ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಪತ್ರಿಕೆ, ಇವುಗಳಲ್ಲಿ ಅಕ್ಷರ ಕಲಿತು ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಸವೆಸಿದವನು. ಆದುದರಿಂದ ತಮ್ಮ ನೀತಿಯ ಆಳ ನನಗೆ ಸಂಪೂರ್ಣವಾಗಿ ತಿಳಿದಿದೆಯೆಂದು ಕೊಚ್ಚಿಕೊಳ್ಳಲಾರೆ. ಆದರೆ ಅದು ಹುಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತಮ್ಮ ಕಚೇರಿಗೆ ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ ಸಮಿತಿಯ ಸಭೆಗಳು ನಮ್ಮ ನಡುಮನೆಯಲ್ಲೇ ನಡೆದವಲ್ಲ, ಆಗ ನಾನು ಮಹಡಿ ಮೆಟ್ಟಿಲಿನ ಮೇಲೆ ಕೂತು, ಬಿಸ್ಕತ್ತಿನ ತಟ್ಟೆ ಬರಿದಾದರೆ ಮಗಳಿಗೆ ಸನ್ನೆ ಮಾಡುವ ಕೆಲಸವನ್ನು ಸ್ವಂತ ಇಚ್ಛೆಯಿಂದ ವಹಿಸಿಕೊಂಡಿದ್ದೆ.

ಎಂಥ ಸಮಿತಿ ಅದು! ಕರಡಿನ ಮೊದಲ ಸಾಲೇ "ಮಗು ನೆಟ್ಟಗೆ ನಿಲ್ಲತಕ್ಕದ್ದು" ಎಂದಿತ್ತಾಗಿ, ನೆಟ್ಟಗೆ ಎಂದರೇನು ಎಂಬಲ್ಲಿಯೇ ಚರ್ಚೆ ಕಾವೇರಿತು. ಸೈನ್ಯದಿಂದ ನಿವೃತ್ತರಾದ ಸದಸ್ಯರು ಸೋಫಾ ಸರಿಸಿ ನಿಂತು, "ಹೊಟ್ಟೆ ಒಳಗೆಳ್ಕೋಬೇಕು ಸ್ವಾಮಿ, ಎದೆ ಮುಂದೆ ಬರಬೇಕು, ಇದು ಶಿಸ್ತು" ಎಂದರು. ಉಸಿರಾಟದ ಸಾಧಕರು ನೆಲದ ಮೇಲೆ ಕೂತು, "ಹೊಟ್ಟೆ ಬಿಡಬೇಕು, ಪೂರ್ತಿ ಬಿಡಬೇಕು, ನಿಮ್ಮ ಶಿಸ್ತಿಗೆ ಮಕ್ಕಳ ಉಸಿರು ಕಟ್ಟುತ್ತೆ" ಎಂದರು. ಮೊದಲಿನವರ ಹಿಂದೆ ಆಡಳಿತ ಪಕ್ಷದ ಹಿರಿಯರಿದ್ದರು, ಎರಡನೆಯವರ ಹಿಂದೆ ಮಂತ್ರಿಗಳ ಶ್ರೀಮತಿಯವರಿದ್ದರು. ಕ್ರೀಡಾ ಸಂಘದ ಪ್ರತಿನಿಧಿಗಳಿಗೆ ಹೊಟ್ಟೆ ಎಲ್ಲಿದ್ದರೂ ಚಿಂತೆಯಿರಲಿಲ್ಲ, ಪದಕ ಬಂದರೆ ಸಾಕಿತ್ತು. ಶಿಕ್ಷಕರ ಸಂಘದವರಿಗೆ ಈ ಕೆಲಸ ತಮ್ಮ ತಲೆಗೆ ಬರದಿದ್ದರೆ ಸಾಕಿತ್ತು. ನಿಲ್ಲುವುದಕ್ಕೇ ಹೀಗಾದರೆ ಮುಂದೆ ಕುಣಿಯುವುದು, ಜಿಗಿಯುವುದು, ಚೆಂಡು ಒದೆಯುವುದು ಇವುಗಳ ಗತಿಯೇನೆಂದು ನಾನು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದಿದ್ದೆ. ತಾವು ಮಾತ್ರ ಒಂದಿಷ್ಟೂ ಮುಖ ಕೆಡಿಸಿಕೊಳ್ಳದೆ, ಹೊಟ್ಟೆಯ ವಿಷಯವನ್ನು ಆಯಾ ಶಾಲೆಯ ವಿವೇಚನೆಗೆ ಬಿಡತಕ್ಕದ್ದೆಂದು ಬರೆಸಿದಿರಿ. ಅಳಿಯನೆಂದರೆ ಇವನಪ್ಪ ಎಂದು ಅಂದು ನನ್ನ ಎದೆ, ಯಾರೂ ಹೇಳದಿದ್ದರೂ, ಮುಂದೆ ಬಂದಿತ್ತು.

ಅಲ್ಲಿಂದ ಮುಂದೆ ಎಲ್ಲ ಸಲೀಸು. ಮಕ್ಕಳು ಓಡುವುದರ ಬಗ್ಗೆ ಒಬ್ಬೊಬ್ಬರದು ಒಂದೊಂದು ತಕರಾರು. ಓಟದ ಬಗ್ಗೆ ಪಾಠ ಬರೆಯುವುದಕ್ಕೆ ಯಾರದೂ ತಕರಾರಿಲ್ಲ. ಹೀಗೆ ದೈಹಿಕ ಶಿಕ್ಷಣಕ್ಕೆ ಪಠ್ಯಪುಸ್ತಕ ಬಂತು, ಪಠ್ಯಪುಸ್ತಕದ ಹಿಂದೆ ಪರೀಕ್ಷೆ ಬಂತು, ಪರೀಕ್ಷೆಗೆ ತಯಾರಿ ಬೇಕೆಂದು ಆಟದ ಪಿರಿಯಡ್ಡು ತರಗತಿಯೊಳಗೆ ಬಂತು. ಮೈದಾನ ಹೊರಗೇ ಉಳಿಯಿತು, ಅದನ್ನು ಒಳಗೆ ತರುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಇನ್ನು, ಜಿಲ್ಲಾ ಕ್ರೀಡಾಕೂಟಕ್ಕೆ ಮಕ್ಕಳನ್ನು ಆರಿಸುವ ಬಗೆ. ಇದರಲ್ಲಿ ತಮ್ಮ ಪ್ರಾಮಾಣಿಕತೆಯನ್ನು ನಾನು ಎಲ್ಲಿ ಬೇಕಾದರೂ ನಿಂತು ಸಾರುತ್ತೇನೆ. ಹಿಂದೆಲ್ಲ ಯಾರದೋ ತಂಗಿಯ ಮಗ, ಯಾರದೋ ಷಡ್ಡಕನ ಮಗಳು ಶಿಫಾರಸಿನ ಬಲದಿಂದ ಕೂಟಕ್ಕೆ ಹೋಗಿ, ಓಡದೆಯೇ ಗೆದ್ದು ಬರುತ್ತಿದ್ದುದು ಎಲ್ಲರಿಗೂ ಗೊತ್ತು. ಸೀಟಿ ಊದುವವನು, ಹಗ್ಗ ಹಿಡಿಯುವವನು, ಗಡಿಯಾರ ನೋಡುವವನು, ಎಲ್ಲರ ಕೈಯನ್ನೂ ಯಾರೋ ಒಬ್ಬರು ಹಿಡಿದಿರುತ್ತಿದ್ದರು. ಅದನ್ನು ಬೇರುಸಹಿತ ಕೀಳಲು ತಾವು ಹಲ್ಲುಕಚ್ಚಿ ನಿಂತಿರಿ. ಮಂತ್ರಿಗಳ ಕಡೆಯವರು ಮನೆ ಬಾಗಿಲಿಗೆ ಬಂದಾಗಲೂ ಬಗ್ಗಲಿಲ್ಲ. ಓಟ ಕಣ್ಣಳತೆಯ ವಿಷಯ, ಅದರಲ್ಲಿ ಮೋಸ ನಡೆಯುತ್ತದೆ. ಬರೆದ ಉತ್ತರ ಕಾಗದದ ಮೇಲೆ ನಿಲ್ಲುತ್ತದೆ, ಯಾರು ಬೇಕಾದರೂ ತಪಾಸಣೆ ಮಾಡಬಹುದು. ಆದ್ದರಿಂದ ಓಟಕ್ಕೆ ಆಯ್ಕೆ ಓಟದ ಪಾಠದ ಅಂಕಗಳ ಮೇಲೆಯೇ ಎಂದು ತೀರ್ಮಾನ ಮಾಡಿದಿರಿ. ಅಂದು ರಾತ್ರಿ ತಾವು ನೆಮ್ಮದಿಯಾಗಿ ಉಂಡಿರಿ. ನಾನೂ ಉಂಡೆ. ನಮ್ಮ ಬುಗುರಿ ಎರಡು ಸಲ ಬಡಿಸಿಕೊಂಡಳು, ಪಾಪ, ಅವಳಿಗೇನು ಗೊತ್ತು.

ಬುಗುರಿ ಎಂದರೆ ಯಾರೆಂದು ಓದುವ ಮಹಾಜನರಿಗೆ ತಿಳಿಸಬೇಕು. ಅಧ್ಯಕ್ಷರ ಒಬ್ಬಳೇ ಮಗಳು, ನನ್ನ ಮೊಮ್ಮಗಳು. ಅಧಿಕಾರಿಗಳ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು ಭಾಷಣ ಮಾಡಿದವರು ಬಹಳ. ಮಾಡಿ, ಮಗಳನ್ನು ಕೈಹಿಡಿದು ಕರೆದೊಯ್ದು ಸೇರಿಸಿದವರು ತಾವೊಬ್ಬರೇ. ಆ ಹುಡುಗಿ ನಡೆದದ್ದನ್ನು ನಾನು ಕಂಡಿಲ್ಲ. ಅಂಗಡಿಗೆ ಉಪ್ಪು ತರಲು ಕಳಿಸಿದರೆ, ಬಾಗಿಲು ಹಾಕಲು ನಾನು ಏಳುವಷ್ಟರಲ್ಲಿ ಉಪ್ಪಿನೊಂದಿಗೆ ಒಳಗೆ ಬಂದಿರುತ್ತಾಳೆ. ಶಾಲೆಯ ಮೈದಾನದಲ್ಲಿ ಅವಳ ಹಿಂದೆ ಬಿದ್ದ ಹುಡುಗರು ಅರ್ಧದಲ್ಲಿ ನಿಂತು ಮೊಣಕಾಲು ಹಿಡಿದುಕೊಂಡು, "ಹೋಗೇ, ನೀನೇ ಗೆದ್ದೆ, ಈಗ್ಲಾದ್ರೂ ನಿಲ್ಲೇ" ಎಂದು ಅಂಗಲಾಚುವುದನ್ನು ನಾನು ಕಾಂಪೌಂಡಿನ ಈಚೆಯಿಂದ ಎಷ್ಟೋ ಸಂಜೆ ನೋಡಿದ್ದೇನೆ. ಅವಳಿಗೆ ಓದಿನಲ್ಲಿ ಮೊದಲ ಸ್ಥಾನ ಬೇಡ, ಹೊಸ ಬಟ್ಟೆ ಬೇಡ. ಕಳೆದ ವರ್ಷದಿಂದ ಅವಳಿಗೆ ಬೇಕಾದದ್ದು ಒಂದೇ: ಜಿಲ್ಲಾ ಕೂಟದಲ್ಲಿ, ಸುಣ್ಣದ ಗೆರೆ ಎಳೆದ ದೊಡ್ಡ ಮೈದಾನದಲ್ಲಿ, ಒಂದು ಸುತ್ತು ಓಡಬೇಕು.

ಪರೀಕ್ಷೆ ಬಂತು. "ಓಟದಿಂದಾಗುವ ಪ್ರಯೋಜನಗಳಾವುವು?" ಎಂಬ ಪ್ರಶ್ನೆಗೆ ಒಂದು ಪುಟ ಜಾಗ ಬಿಟ್ಟಿದ್ದರು. ಅವಳು "ಬೇಗ ತಲುಪಬಹುದು" ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದಳು. "ಓಟದ ಆರಂಭದಲ್ಲಿ ಓಟಗಾರನ ಮನಃಸ್ಥಿತಿಯನ್ನು ವಿವರಿಸಿರಿ" ಎಂಬುದಕ್ಕೆ "ಯಾವಾಗ ಊದ್ತಾರೋ ಅನ್ನಿಸ್ತಿರುತ್ತೆ" ಎಂದಳು. "ಓಡುವಾಗ ಓಟಗಾರನು ಗಮನಿಸಬೇಕಾದ ಅಂಶಗಳನ್ನು ಪಟ್ಟಿ ಮಾಡಿರಿ" ಎಂಬುದಕ್ಕೆ, "ಪಟ್ಟಿ ಮಾಡ್ತಾ ಕೂತ್ರೆ ಹಿಂದೆ ಬೀಳ್ತೀವಿ" ಎಂದು ಬರೆದು, ಎಲ್ಲರಿಗಿಂತ ಮೊದಲು ಉತ್ತರ ಪತ್ರಿಕೆ ಕೊಟ್ಟು ಹೊರಗೆ ಓಡಿದಳು. ಪರೀಕ್ಷೆಯಲ್ಲಿ ಅವಳು ಮೊದಲು ಬಂದದ್ದು ಅಷ್ಟರ ಮಟ್ಟಿಗೆ.

ಉತ್ತರ ಪತ್ರಿಕೆ ತಿದ್ದಿದವರು ಅದೇ ಶಾಲೆಯ ಡ್ರಿಲ್ ಮೇಷ್ಟ್ರು. ಅವರೇನು ಮಹಾ ಕ್ರೀಡಾಪಟುವಲ್ಲ; ಹಿಂದೆ ಪಿರಿಯಡ್ಡಿನ ಆರಂಭದಲ್ಲಿ ಒಮ್ಮೆ ಸೀಟಿ ಊದಿ, ಮರದಡಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಕೊನೆಯಲ್ಲಿ ಮತ್ತೊಮ್ಮೆ ಊದುತ್ತಿದ್ದರು. ಆ ಎರಡು ಸೀಟಿಗಳ ನಡುವೆ ಮಕ್ಕಳು ತಮಗೆ ಬೇಕಾದದ್ದೆಲ್ಲ ಆಡಿಕೊಳ್ಳುತ್ತಿದ್ದವು. ಈಗ ಅವರಿಗೂ ನಿದ್ದೆಯಿಲ್ಲ. ಬೇಕರಿ ಮುಂದೆ ಸಿಕ್ಕಾಗ ನನ್ನನ್ನು ಪಕ್ಕಕ್ಕೆ ಎಳೆದು, "ಏನ್ಮಾಡ್ಲಿ ಯಜಮಾನ್ರೇ, ಮಾದರಿ ಉತ್ತರದಲ್ಲಿ ಇಲ್ದೇ ಇರೋದಕ್ಕೆ ಮಾರ್ಕ್ಸ್ ಕೊಟ್ರೆ ನನ್ನನ್ನೇ ಪರೀಕ್ಷೆಗೆ ಕೂರಿಸ್ತಾರೆ. ಕೂತ್ರೆ ನಾನೂ ಫೇಲೇ" ಎಂದರು. ಸುಳ್ಳು ಹೇಳುವ ಮನುಷ್ಯನಲ್ಲ.

ಹೀಗಾಗಿ ಬುಗುರಿ ಓಟದಲ್ಲಿ ಫೇಲಾದಳು. ಓಟದಲ್ಲಿ ಶಾಲೆಗೇ ಮೊದಲನೆಯವಳಾಗಿ, ಕೂಟಕ್ಕೆ ಆಯ್ಕೆಯಾದವಳು ಔಷಧಿ ಅಂಗಡಿಯವರ ಮಗಳು, ದಪ್ಪ ಕನ್ನಡಕದ ಬಹಳ ಸಾಧು ಹುಡುಗಿ. ಪಾಠವನ್ನು ಅಲ್ಪವಿರಾಮ ಪೂರ್ಣವಿರಾಮ ಸಮೇತ ಬಾಯಿಪಾಠ ಮಾಡಿದ್ದಳಂತೆ. ಫಲಿತಾಂಶ ಬಂದ ಸಂಜೆ ನಮ್ಮ ಮನೆಗೇ ಬಂದು, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಒಂದೇ ಸಮನೆ ಅತ್ತಳು. "ತಾತ, ನಂಗೆ ಓಡಕ್ಕೆ ಬರಲ್ಲ, ಓಡಿದ್ರೆ ಕನ್ನಡಕ ಬೀಳುತ್ತೆ, ಕನ್ನಡಕ ಬಿದ್ರೆ ಯಾವ ಕಡೆ ಓಡ್ಬೇಕು ಅಂತಾನೂ ಕಾಣಲ್ಲ" ಎಂದಳು. ಬುಗುರಿ ಒಳಗಿನಿಂದ ಲಂಗದ ಲಾಡಿ ತಂದು, ಆ ಕನ್ನಡಕವನ್ನು ತಲೆಯ ಹಿಂದಕ್ಕೆ ಬಿಗಿದು ಕಟ್ಟಿ, "ಏಳೇ, ಬಾ, ತೋರಿಸ್ಕೊಡ್ತೀನಿ" ಎಂದು ಕೈಹಿಡಿದು ಎಳೆದುಕೊಂಡು ಹೋದಳು. ಅಂದಿನಿಂದ ದಿನವೂ ಇಬ್ಬರೂ ಮೈದಾನದಲ್ಲಿರುತ್ತಾರೆ. ಕನ್ನಡಕದವಳು ಈಗ ಬೀಳದೆ ಓಡುತ್ತಾಳೆ. ಕೂಟದ ಹೊತ್ತಿಗೆ ನೆಟ್ಟಗೆ ಓಡುವ ಭರವಸೆಯಿದೆ. ಹೊಟ್ಟೆ ಒಳಗೋ ಹೊರಗೋ ನಾನು ವಿಚಾರಿಸಿಲ್ಲ.

ಫಲಿತಾಂಶದ ರಾತ್ರಿ ಊಟಕ್ಕೆ ಕೂತಾಗ ಆದ ಮಾತನ್ನು ತಾವು ಸಮಿತಿಗೆ ವರದಿ ಮಾಡಿಲ್ಲವೆಂದು ತಿಳಿದು, ದಾಖಲೆಗಾಗಿ ಇಲ್ಲಿ ಸೇರಿಸುತ್ತಿದ್ದೇನೆ. ಬುಗುರಿ ತಟ್ಟೆಯಿಂದ ತಲೆಯೆತ್ತದೆ, "ಅಪ್ಪ, ನಾನು ಓಡ್ಬಹುದಾ?" ಎಂದಳು. ತಾವು ಕೈಲಿದ್ದ ತುತ್ತು ಕೆಳಗಿಟ್ಟು, "ಪುಟ್ಟಾ, ನೀನು ನನ್ನ ಮಗಳು, ಅದಕ್ಕೇ ಆಗಲ್ಲ. ನಾಳೆ ನಾಲ್ಕು ಜನ ಏನಂತಾರೆ?" ಎಂದಿರಿ. ಅವಳು, "ಬೇರೆಯವರ ಮಗಳಾಗಿದ್ರೆ?" ಎಂದಳು. ತಾವು ಪ್ರಾಮಾಣಿಕವಾಗಿ ಯೋಚಿಸಿ, "ಆಗಲೂ ಆಗ್ತಿರ್ಲಿಲ್ಲ, ಮಾರ್ಕ್ಸ್ ಇಲ್ವಲ್ಲ" ಎಂದಿರಿ. "ಹಾಗಾದ್ರೆ ನಿನ್ನ ಮಗಳಾಗಿದ್ದಕ್ಕೆ ನಷ್ಟಾನೂ ಇಲ್ಲ, ಲಾಭಾನೂ ಇಲ್ಲ ಬಿಡು" ಎಂದು ಅವಳು ಮಜ್ಜಿಗೆ ಹಾಕಿಸಿಕೊಂಡಳು. ತಮ್ಮ ಹೆಂಡತಿ, ಅಂದರೆ ನನ್ನ ಮಗಳು, ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟು, "ನಾಳೆಯಿಂದ ಅಡುಗೆ ಮಾಡಲ್ಲ, ಅಡುಗೆಯ ಪ್ರಯೋಜನಗಳು ಅಂತ ಬರೆದು ಬಡಿಸ್ತೀನಿ" ಎಂದಳು. ಆಕೆಯ ಮಾತಿಗೆ ತಾವು ಬೇಸರಪಡಬಾರದು. ಆ ನಾಲಿಗೆ ಅವಳಿಗೆ ಅವಳ ತಾಯಿಯಿಂದ ಬಂದದ್ದು.

ಮಾನ್ಯರೇ, ಮಗಳಿಗೊಂದು ನ್ಯಾಯ ಊರಿಗೊಂದು ನ್ಯಾಯ ಮಾಡಿರೆಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಹಾಗೆ ಮಾಡಿದರೆ ನಾನೇ ಮೊದಲು ಈ ಮನೆಯ ಮೆಟ್ಟಿಲಿಳಿದು ಹೋದೇನು. ನನ್ನ ಬೇಡಿಕೆಯೆಂದರೆ ತಮ್ಮ ನೀತಿಯನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಜಾರಿಗೆ ತರಬೇಕೆಂಬುದು. ಬರವಣಿಗೆಯಿಂದ ಆರಿಸಿದ ಮಕ್ಕಳನ್ನು ಕೂಟದಲ್ಲಿ ದಿಢೀರನೆ ಕಾಲಿನಿಂದ ಓಡಿಸುವುದು ಯಾವ ನ್ಯಾಯ? ಅವರಿಗೆ ಮೈದಾನದ ಪ್ರತಿ ತಿರುವಿನಲ್ಲೂ ಮೇಜು, ಕುರ್ಚಿ, ಶಾಯಿ ತುಂಬಿದ ಪೆನ್ನು ಒದಗಿಸಬೇಕು. ಕೊನೆಯಲ್ಲಿ ಹಗ್ಗ ಹಿಡಿಯುವವರ ಬದಲು ಉತ್ತರ ಪತ್ರಿಕೆ ಕಟ್ಟುವ ದಾರ ಹಿಡಿದವರಿರಬೇಕು. ಎಡವಿ ಬಿದ್ದವರಿಗೆ ಮರುಮೌಲ್ಯಮಾಪನದ ಅವಕಾಶ ಬೇಕು, ಮೊಣಕಾಲಿನ ತರಚು ಗಾಯಕ್ಕೆ ಕೃಪಾಂಕ ಬೇಕು. ಎದುರುಗಾಳಿ ಪಠ್ಯಕ್ರಮದ ಹೊರಗಿನದಾದ್ದರಿಂದ ಅಂದು ಬೀಸದಂತೆ ಸುತ್ತೋಲೆ ಹೊರಡಿಸಬೇಕು. ಸಾಧ್ಯವಾದರೆ ಸಾರಿಗೆ ಇಲಾಖೆಗೂ ತಾವೊಂದು ಮಾತು ಬರೆಯಬೇಕು. ನನ್ನ ಕಾಲದಲ್ಲಿ ಡ್ರೈವರನಿಗೆ ಬಸ್ಸು ಓಡಿಸಲು ಹೇಳಿ, ನೋಡಿ ಆರಿಸುವ ಹಳೆಯ ಪದ್ಧತಿಯಿತ್ತು. ಬ್ರೇಕಿನ ಕುರಿತು ಒಳ್ಳೆಯ ಪ್ರಬಂಧ ಬರೆಯಬಲ್ಲ ಎಷ್ಟೋ ಪ್ರತಿಭಾವಂತರಿಗೆ ಇದರಿಂದ ಅನ್ಯಾಯವಾಗಿದೆ. ಪ್ರಯಾಣಿಕರ ಮಾತು ಬಿಡಿ, ಅವರು ಯಾವಾಗಲೂ ಗೊಣಗುವವರೇ.

ಇಷ್ಟೆಲ್ಲ ಕೇಳಿಕೊಂಡ ಮೇಲೆ, ಒಂದು ವಿಷಯವನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯ.

ಕೂಟದ ಸುತ್ತೋಲೆಯನ್ನು ಶಾಲೆಯ ಗೇಟಿಗೆ ಅಂಟಿಸಿದ್ದರು. ಅಂಟಿಸಿದ್ದನ್ನೆಲ್ಲ ಓದುವ ಚಟ ನನಗೆ ಚಿಕ್ಕಂದಿನಿಂದ ಇದೆ. ಅದರ ಪ್ರಕಾರ ಕೂಟವು "ಚಾಲನಾ ಓಟ"ದಿಂದ ಆರಂಭವಾಗತಕ್ಕದ್ದು, ಅಧ್ಯಕ್ಷರು ಮುಂದಾಳತ್ವ ವಹಿಸಿ ಮೈದಾನದ ಒಂದು ಸುತ್ತು ಓಡಿ ಬಾವುಟದ ಬಳಿಗೆ ಮೊದಲಿಗರಾಗಿ ಬರತಕ್ಕದ್ದು, ಫೋಟೋ ತೆಗೆಯತಕ್ಕದ್ದು, ಆಸಕ್ತ ಸಾರ್ವಜನಿಕರೂ ಅಧ್ಯಕ್ಷರೊಡನೆ ಭಾಗವಹಿಸಬಹುದು, ಅವರಿಗೆ ಅಂಕಗಳ ಅಗತ್ಯವಿಲ್ಲ. ಕೆಳಗೆ ತಮ್ಮದೇ ಸಹಿ. ನಾನು ಅಂದೇ ಹೋಗಿ ಸಾರ್ವಜನಿಕರ ಪಟ್ಟಿಯಲ್ಲಿ ಬುಗುರಿಯ ಹೆಸರು ಬರೆಸಿದೆ. ಗುಮಾಸ್ತರು ತಲೆ ಕೆರೆದುಕೊಂಡು, "ಮಗು ಸಾರ್ವಜನಿಕ ಆಗುತ್ತಾ ಯಜಮಾನ್ರೇ?" ಎಂದರು. "ಬಸ್ಸಿನಲ್ಲಿ ಅರ್ಧ ಆಗುತ್ತೆ" ಎಂದೆ. "ಸರಿ, ಅರ್ಧ ಸಾರ್ವಜನಿಕ ಅಂತ ಬರ್ಕೊಳ್ತೀನಿ, ಆಮೇಲೆ ಸಾಹೇಬ್ರು ಕೇಳಿದ್ರೆ ನಿಮ್ಮ ಕಡೆ ಕೈ ತೋರಿಸ್ತೀನಿ" ಎಂದು ಬರೆದುಕೊಂಡರು. ನನ್ನ ಹೆಸರನ್ನೂ ಬರೆಸಿದ್ದೇನೆ. ನಾನು ನಡೆಯುವವನು, ಬಹುಮಾನ ವಿತರಣೆಯ ಹೊತ್ತಿಗೆ ಸುತ್ತು ಮುಗಿದೀತು.

ಈಗ ತೊಡಕು ಹುಟ್ಟಿರುವುದು ಇಲ್ಲಿ. ಅಧ್ಯಕ್ಷರೇ ಮೊದಲು ಬರತಕ್ಕದ್ದೆಂದು ಸುತ್ತೋಲೆ ಹೇಳುತ್ತದೆ. ಸರ್ಕಾರವನ್ನು ಸಾರ್ವಜನಿಕರು ಹಿಂದೆ ಹಾಕಿದರೆ ಏನು ಮಾಡತಕ್ಕದ್ದೆಂದು ಅದರಲ್ಲಿ ಹೇಳಿಲ್ಲ. ನಾನು ಹಿರಿಯನಾಗಿ ಅವಳನ್ನು ಕೂರಿಸಿಕೊಂಡು, ಸ್ವಲ್ಪ ನಿಧಾನ ಓಡು ಮಗಾ, ನಿಮ್ಮಪ್ಪನ ಮರ್ಯಾದೆ ಪ್ರಶ್ನೆ ಎಂದು ಬುದ್ಧಿ ಹೇಳಿದೆ. ಅವಳು, "ನಿಧಾನ ಓಡೋದು ಹೇಗೆ ತಾತ?" ಎಂದಳು. ನನಗೆ ಹೇಳಿಕೊಡಲು ಬರಲಿಲ್ಲ. ತಮ್ಮ ಪಠ್ಯಪುಸ್ತಕದಲ್ಲೂ ಹುಡುಕಿದೆ, ಆ ಅಧ್ಯಾಯವಿಲ್ಲ. ಆಮೇಲೆ ಅವಳೇ ಮೆಲ್ಲಗೆ, "ಅಪ್ಪ ಬೇಜಾರು ಮಾಡ್ಕೊಳ್ತಾನಾ?" ಎಂದಳು. ಇದಕ್ಕೆ ಉತ್ತರ ತಾವೇ ಕೊಡಬೇಕು, ಮನೆಯಲ್ಲೋ ಆಫೀಸಿನಲ್ಲೋ, ತಮಗೆ ಎಲ್ಲಿ ಅನುಕೂಲವೋ ಅಲ್ಲಿ.

ಅಳಿಯಂದಿರೇ, ಸಮಿತಿಯ ಕೆಲಸದಲ್ಲಿ ಮೈಮುರಿದು ದುಡಿದ ಈ ವರ್ಷಗಳಲ್ಲಿ ತಮಗೆ ಆ ಮಗು ಓಡುವುದನ್ನು ಒಮ್ಮೆಯೂ ನೋಡಲು ಬಿಡುವಾಗಿಲ್ಲ. ಕಾಂಪೌಂಡಿನ ಈಚೆ ನನ್ನ ಪಕ್ಕದಲ್ಲಿ ಎಷ್ಟೋ ಸಂಜೆ ಜಾಗ ಖಾಲಿಯಿತ್ತು. ಅದನ್ನು ಆಕ್ಷೇಪವೆಂದು ತಿಳಿಯಬಾರದು. ಸರ್ಕಾರದ ಕೆಲಸ ಸಣ್ಣದಲ್ಲ. ಈಗ ಅಂಥದೊಂದು ಅವಕಾಶ ತಮ್ಮದೇ ಸಹಿಯಿಂದ ತಮಗೆ ಒದಗಿಬಂದಿದೆ. ಸೀಟಿ ಊದಿದ ಮೇಲೆ ಅವಳು ತಮ್ಮ ಪಕ್ಕದಲ್ಲಿರುವುದು ಬಹಳ ಕಡಿಮೆ ಹೊತ್ತು. ಆಮೇಲೆ ಸುತ್ತು ಮುಗಿಯುವತನಕ ತಮಗೆ ಕಾಣುವುದು ಅವಳ ಬೆನ್ನು. ಫೋಟೋದವರ ಕಡೆ ನೋಡದೆ, ದಯಮಾಡಿ ಅದನ್ನೇ ನೋಡುತ್ತ ಓಡಬೇಕಾಗಿ ವಿನಂತಿ. ಬಹಳ ಚೆನ್ನಾಗಿರುತ್ತದೆ.

ಮಹಡಿ ಕೋಣೆಯಲ್ಲಿ ತಮ್ಮ ಏಳಿಗೆಯನ್ನೇ ಹಾರೈಸುತ್ತ ಕೂತಿರುವ,
ತಮ್ಮ ವಿಶ್ವಾಸಿ,
ಮಾವ

ತಾಜಾ ಕಲಂ: ಸಮಿತಿ ರಚನೆಯಾದ ಹೊಸದರಲ್ಲಿ ತಾವು ಬಹಳ ಹುಮ್ಮಸ್ಸಿನಿಂದ ಕೊಂಡ ಓಟದ ಬೂಟುಗಳನ್ನು ನನ್ನ ಮಗಳು ಅಟ್ಟದಿಂದ ಇಳಿಸಿ ಧೂಳು ಕೊಡವಿ ಇಟ್ಟಿದ್ದಾಳೆ. ಅವುಗಳೊಳಗೆ ಅಂಗಡಿಯವರು ತುರುಕಿದ್ದ ಕಾಗದದ ಉಂಡೆಗಳು ಇಂದಿಗೂ ಹಾಗೆಯೇ ಇವೆ. ಓಡುವ ಮುನ್ನ ಅವನ್ನು ತೆಗೆಯತಕ್ಕದ್ದೋ, ಅಥವಾ ಈ ವಿಷಯವನ್ನೂ ಆಯಾ ಕಾಲಿನ ವಿವೇಚನೆಗೆ ಬಿಡತಕ್ಕದ್ದೋ ಎಂದು ಕೇಳುತ್ತಿದ್ದಾಳೆ.